ನೋಟ್‌ಬುಕ್ಕಿನಲ್ಲಿ ‘ನೈಸ್’ ಎಂದು ಬರೆದರೆ ಮಕ್ಕಳನ್ನು ದಡ್ಡರೆಂದು ಕರೆದಂತೆಯೇ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ 17 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಚೆನ್ನಾಗಿ ಬರೆದ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ‘ನೈಸ್’ ಎಂದು ಬರೆಯುವುದು ನನ್ನ ರೂಢಿ. ಕಳೆದ ತಿಂಗಳು ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಅಣ್ಣನ ಮೊಬೈಲಿಗೆ ಬಂದ ಸಂದೇಶವನ್ನು ಹಾಳೆಯ ಮೇಲೆ ಇಳಿಸಿಕೊಂಡು ಬಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದ: ‘ನೈಸ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಮೂರ್ಖ ಎಂದು ಅರ್ಥ. ಇಂಗ್ಲಿಷರು ನಿಮ್ಮನ್ನು ನೈಸ್ ಎಂದರೆ ಒಳಗೊಳಗೇ ನಗುತ್ತಿರುತ್ತಾರೆ.’ ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ನಿಘಂಟು ತೆಗೆದರೆ ಅದರಲ್ಲಿಯೂ ‘ಅಜ್ಞಾನಿ’ ಎಂಬ ಮೂಲಾರ್ಥವನ್ನೇ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ನನ್ನ ತಮ್ಮನನ್ನು ಕೇಳಿದರೆ, ‘ಇಲ್ಲಿ ಯಾವುದಾದರೂ ಸಲಹೆ ಇಷ್ಟವಾಗದಿದ್ದಾಗಲೇ ನೈಸ್ ಐಡಿಯಾ ಎನ್ನುತ್ತಾರೆ’ ಎಂದ. ನಾನು ಓದುವಾಗ ನಮ್ಮ ಮೇಷ್ಟ್ರು ಪ್ರಬಂಧದಲ್ಲಿ ಈ ಪದ ಕಂಡರೆ ಹೊಡೆದುಹಾಕುತ್ತಿದ್ದರು. ಈಗ ಪೆನ್ನು ಹಿಡಿದಾಗಲೆಲ್ಲ ಕೈ ತಡೆಯುತ್ತದೆ. ಈ ಪದವನ್ನು ಬಿಟ್ಟುಬಿಡಬೇಕೆ? ಇನ್ನೊಂದು ಮಾತು: ನಮ್ಮ ಅಮ್ಮ ‘ಹಿಟ್ಟು ನೈಸಾಗಿ ರುಬ್ಬು’ ಎನ್ನುವುದೂ ತಪ್ಪೇ?

ಉತ್ತರ: ಹುಡುಗ ಓದಿದ ಸಂದೇಶ ಪೂರಾ ಸುಳ್ಳಾಗಿದ್ದರೆ ನೀವು ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ, ನಿಘಂಟು ತೆರೆದಾಗ ಅದರಲ್ಲಿ ಅರ್ಧ ನಿಜವೆಂದು ಕಂಡದ್ದೇ ನಿಮ್ಮ ಕಸಿವಿಸಿಗೆ ಕಾರಣ. ಆ ಅರ್ಧವನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗೋಣ. ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಮಾಡಿದವನಾದ ನನಗೆ ಈ ಪದದ ಬಗ್ಗೆ ಸ್ವಲ್ಪ ಪಕ್ಷಪಾತವಿದೆ ಎಂದೂ ಮೊದಲೇ ಹೇಳಿಬಿಡುತ್ತೇನೆ. ಅರ್ಥ ಹೇಗೆ ಬದಲಾಗುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂಬುದು ಇದರ ಮೂಲ. ಅದರಲ್ಲಿ ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿಯುವುದು. ನಮ್ಮ ‘ಅಜ್ಞ’ ಎಂಬ ಮಾತು ಅ ಮತ್ತು ಜ್ಞ ಸೇರಿ ಆದಂತೆಯೇ ಅದೂ ಆಗಿದೆ. ಅದೇ ‘ಸ್ಕಿರೆ’ಯ ಮನೆತನದಿಂದಲೇ ಸೈನ್ಸ್ ಬಂದಿದೆ, ಕಾನ್ಷಿಯನ್ಸ್ ಬಂದಿದೆ. ಎಂದರೆ ಸೈನ್ಸ್ ಮತ್ತು ನೈಸ್ ಒಂದೇ ಬಳ್ಳಿಯ ಕುಡಿಗಳು, ಒಂದು ತಿಳಿವಿನ ಕಡೆಗೆ ಹಬ್ಬಿದರೆ ಇನ್ನೊಂದು ತಿಳಿಯದಿರುವಿಕೆಯ ಕಡೆಗೆ. ಇಲ್ಲಿಯೇ ಸಂದೇಶದ ಮೊದಲ ತಪ್ಪನ್ನು ಗುರುತಿಸಬಹುದು: ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಇದ್ದದ್ದು ‘ಅರಿಯದವನು’ ಎಂಬ ಅರ್ಥ, ಬೈಗುಳವಲ್ಲ. ದೊಡ್ಡ ಪಂಡಿತನೂ ತನಗೆ ಗೊತ್ತಿಲ್ಲದ ವಿಷಯದಲ್ಲಿ ನೆಸ್ಕಿಯುಸ್ ಆಗಬಹುದಿತ್ತು. ‘ಪೆದ್ದ’ ಎಂಬ ಅರ್ಥ ಗಟ್ಟಿಯಾದದ್ದು ಹಳೆಯ ಫ್ರೆಂಚಿನಲ್ಲಿ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಅರಮನೆಯ, ನ್ಯಾಯಾಲಯದ, ಊಟದ ಮೇಜಿನ ಮಾತೆಲ್ಲ ಫ್ರೆಂಚಾಯಿತಷ್ಟೆ. ಹಾಗೆ ಒಳಬಂದ ಸಾವಿರಾರು ಪದಗಳ ಜೊತೆಗೆ ಸುಮಾರು 1300ರ ಹೊತ್ತಿಗೆ ಇದೂ ಇಂಗ್ಲಿಷಿಗೆ ಸೇರಿತು. ಬರುವಾಗ ಹೊತ್ತು ತಂದದ್ದು ‘ದಡ್ಡ’ ಎಂಬ ಅರ್ಥವನ್ನೇ.

ಆ ಅರ್ಥಕ್ಕೆ ನಾನು ತರಗತಿಯಲ್ಲಿ ಕೊಡುತ್ತಿದ್ದ ಸಾಕ್ಷಿ ಒಂದೇ. ಕವಿ ಚಾಸರ್ 1380ರ ದಶಕದಲ್ಲಿ ಟ್ರಾಯ್ಲಸ್ ಎಂಬ ಟ್ರಾಯ್ ನಗರದ ರಾಜಕುಮಾರನ ಪ್ರೇಮಕಥೆಯನ್ನು ಬರೆದ. ಅದರ ಎರಡನೆಯ ಭಾಗದ ಆರಂಭದಲ್ಲಿ ಅವನು ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ ಓದುಗರಿಗೆ ಹೇಳುವ ಮಾತಿನ ಸಾರ ಇದು: ಸಾವಿರ ವರ್ಷಗಳಲ್ಲಿ ಮಾತಿನ ರೂಪ ಬದಲಾಗುತ್ತದೆ, ಅಂದು ಬೆಲೆಯಿದ್ದ ಪದಗಳು ಇಂದು ನಮಗೆ ತೀರಾ ‘ನೈಸ್’ ಆಗಿಯೂ ವಿಚಿತ್ರವಾಗಿಯೂ ತೋರುತ್ತವೆ, ಆದರೂ ಅಂದಿನವರು ಹಾಗೆಯೇ ಮಾತಾಡಿದರು, ಪ್ರೇಮದಲ್ಲಿ ಇಂದಿನವರಷ್ಟೇ ಗೆದ್ದರು. ಇಲ್ಲಿ ‘ನೈಸ್’ ಎಂಬುದನ್ನು ‘ಸೊಗಸಾಗಿ’ ಎಂದು ಓದಿದರೆ ವಾಕ್ಯ ತಲೆಕೆಳಗಾಗುತ್ತದೆ. ‘ಪೆದ್ದುಪೆದ್ದಾಗಿ’ ಎಂದು ಓದಿದರೆ ಮಾತ್ರ ಸರಿಹೋಗುತ್ತದೆ. ಪದಗಳು ಬದಲಾಗುತ್ತವೆ ಎಂದು ಹೇಳಲು ಅವನು ಆರಿಸಿಕೊಂಡ ಪದವೇ ಮುಂದೆ ಎಲ್ಲಕ್ಕಿಂತ ಹೆಚ್ಚು ಬದಲಾದದ್ದನ್ನು ನೋಡಿದ್ದರೆ ಚಾಸರ್ ಖುಷಿಪಡುತ್ತಿದ್ದನೇನೋ. ವಿದ್ಯಾರ್ಥಿಗಳಂತೂ ಪ್ರತಿ ವರ್ಷವೂ ಈ ಸಾಲಿನಲ್ಲಿ ಎಡವುತ್ತಿದ್ದರು.

‘ದಡ್ಡ’ ಎಂಬಲ್ಲಿಂದ ‘ಹಿತವಾದ’ ಎಂಬಲ್ಲಿಗೆ ಪದವೊಂದು ಬರುವುದಾದರೂ ಹೇಗೆ? ಒಮ್ಮೆಲೇ ನೆಗೆದು ಬಂದದ್ದಲ್ಲ. ಬುದ್ಧಿಯಿಲ್ಲದವನ ನಡತೆ ಹೇಗಿರುತ್ತದೆ ಎಂದು ಅಂದಿನವರು ಎಣಿಸಿದ್ದರೋ ಆ ದಾರಿಯಲ್ಲಿ ಪದ ಹೊರಟಿತು. ಬುದ್ಧಿಯಿಲ್ಲದವನು ಚೆಲ್ಲುಚೆಲ್ಲಾಗಿ ಆಡುತ್ತಾನೆ, ಅತಿಯಾಗಿ ಸಿಂಗರಿಸಿಕೊಳ್ಳುತ್ತಾನೆ. ಹಾಗಾಗಿ 14ನೆಯ ಶತಮಾನ ಮುಗಿಯುವ ಹೊತ್ತಿಗೆ ಪದಕ್ಕೆ ‘ಚೆಲ್ಲಾಟದ’, ‘ಶೋಕಿಯ’ ಎಂಬ ಛಾಯೆಗಳು ಸೇರಿದವು. ಬಟ್ಟೆಯಲ್ಲಿ, ಊಟದಲ್ಲಿ ಅತಿ ಮಡಿವಂತಿಕೆ ತೋರಿಸುವವನು ಯಾವುದಕ್ಕೂ ಸುಲಭವಾಗಿ ಒಪ್ಪುವುದಿಲ್ಲ. ಹಾಗಾಗಿ ‘ಮೂಗು ಮುರಿಯುವ’, ‘ನಾಜೂಕಿನ’ ಎಂಬ ಅರ್ಥಗಳು ಬಂದವು. ಮೂಗು ಮುರಿಯುವವನಿಗೆ ಒಂದು ಗುಣವಂತೂ ಇರುತ್ತದೆ, ಬೇರೆಯವರಿಗೆ ಕಾಣದ ಸಣ್ಣ ವ್ಯತ್ಯಾಸ ಅವನಿಗೆ ಕಾಣುತ್ತದೆ. ಹಾಗಾಗಿ 16ನೆಯ ಶತಮಾನದಲ್ಲಿ ‘ನಿಖರವಾದ’, ‘ಸೂಕ್ಷ್ಮವಾದ’ ಎಂಬ ಅರ್ಥ ಮೂಡಿತು. ಬೈಗುಳ ಮೆಚ್ಚುಗೆಯ ಕಡೆಗೆ ಹೊರಳಿದ್ದು ಈ ತಿರುವಿನಲ್ಲಿ. ಅಂಥ ಸೂಕ್ಷ್ಮ ನಾಲಿಗೆಗೂ ಒಪ್ಪುವಂಥ ತಿನಿಸು ರುಚಿಯಾದದ್ದೇ ಇರಬೇಕಲ್ಲ. ಅಲ್ಲಿಂದ ‘ಹಿತವಾದ’ ಎಂಬುದಕ್ಕೆ ಒಂದೇ ಹೆಜ್ಜೆ. ಆ ಹೆಜ್ಜೆ ಬಿದ್ದದ್ದು 18ನೆಯ ಶತಮಾನದಲ್ಲಿ. ‘ಒಳ್ಳೆಯ ಮನಸ್ಸಿನ’ ಎಂದು ಮನುಷ್ಯರಿಗೆ ಅನ್ವಯಿಸಿ ಹೇಳುವುದು ಇನ್ನೂ ತಡವಾಗಿ, 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬೇರೂರಿತು.

ನಾನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದರಿಂದ ಒಂದು ಅರ್ಥ ಸತ್ತ ಮೇಲೆ ಇನ್ನೊಂದು ಹುಟ್ಟಿತೆಂದು ತಿಳಿಯಬೇಡಿ. ಸುಮಾರು 200 ವರ್ಷ ಈ ಅರ್ಥಗಳೆಲ್ಲ ಒಂದೇ ಮನೆಯಲ್ಲಿ ಸಂಸಾರ ಮಾಡಿದವು. 16 ಮತ್ತು 17ನೆಯ ಶತಮಾನದ ಎಷ್ಟೋ ಪ್ರಯೋಗಗಳಲ್ಲಿ ಬರೆದವನ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂದು ಹೇಳುವುದೇ ಕಷ್ಟ ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರೇ ಕೈಚೆಲ್ಲಿದ್ದಾರೆ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಐದನೆಯ ಅಂಕದಲ್ಲಿ, ರೋಮಿಯೋಗೆ ಮುಟ್ಟಬೇಕಾದ ಪತ್ರ ಪ್ಲೇಗಿನ ದಿಗ್ಬಂಧನದಿಂದಾಗಿ ಮುಟ್ಟಲಿಲ್ಲವೆಂದು ತಿಳಿದ ಪಾದ್ರಿ ಲಾರೆನ್ಸ್ ಗಾಬರಿಯಿಂದ ‘ಆ ಪತ್ರ ನೈಸ್ ಆಗಿರಲಿಲ್ಲ’ ಎನ್ನುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ‘ಪತ್ರ ಚೆನ್ನಾಗಿ ಬರೆದಿರಲಿಲ್ಲ’ ಎಂದು ಅನುವಾದಿಸಿ, ಪಾದ್ರಿಗೆ ಅಕ್ಷರ ಚೆನ್ನಾಗಿರಲಿಲ್ಲವೇನೋ ಎಂದು ಟಿಪ್ಪಣಿಯನ್ನೂ ಬರೆದಿದ್ದ. ಲಾರೆನ್ಸ್ ಹೇಳುತ್ತಿರುವುದು ‘ಆ ಪತ್ರ ಕ್ಷುಲ್ಲಕವಾಗಿರಲಿಲ್ಲ, ಬಹಳ ಮುಖ್ಯವಾದದ್ದಾಗಿತ್ತು’ ಎಂದು. ಪೆದ್ದುತನದ ಅರ್ಥದಿಂದ ‘ಲೆಕ್ಕಕ್ಕಿಲ್ಲದ’ ಎಂಬ ಕವಲೊಂದು ಒಡೆದು, ಆ ನಾಟಕದಲ್ಲೇ ಎರಡು ಕಡೆ ಕಾಣಿಸಿಕೊಂಡು, ಮುಂದೆ ಬಾಡಿಹೋಯಿತು.

‘ಸೂಕ್ಷ್ಮ’ ಎಂಬ ಕವಲು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. 1815ರ ಜೂನ್ 18ರಂದು ವಾಟರ್ಲೂ ಯುದ್ಧ ಮುಗಿಯಿತು. ಮರುದಿನ ಬ್ರಸೆಲ್ಸ್‌ನಲ್ಲಿ ತನ್ನನ್ನು ಕಂಡ ಥಾಮಸ್ ಕ್ರೀವಿ ಎಂಬಾತನಿಗೆ, ಅಲ್ಲಿ ನೆಪೋಲಿಯನ್ನನ ಎದುರು ಗೆದ್ದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಅದು ‘ನೈಸ್’ ಸಂಗತಿಯಾಗಿತ್ತು, ಅಷ್ಟು ಕೂದಲೆಳೆಯ ಅಂತರದ ಗೆಲುವನ್ನು ನೀವು ಕಂಡಿರಲಾರಿರಿ ಎಂದನಂತೆ. ಹೆಣಗಳ ರಾಶಿಯನ್ನು ನೋಡಿ ಬಂದ ಸೇನಾಪತಿ ಯುದ್ಧ ಮಜವಾಗಿತ್ತು ಎನ್ನುತ್ತಿಲ್ಲ. ತಕ್ಕಡಿ ಯಾವ ಕಡೆಗೆ ಬೇಕಾದರೂ ವಾಲಬಹುದಿತ್ತು ಎನ್ನುತ್ತಿದ್ದಾನೆ. ವಕೀಲರ ಇಂಗ್ಲಿಷಿನಲ್ಲಿ ಈ ಅರ್ಥ ಇಂದಿಗೂ ಜೀವಂತವಾಗಿದೆ. ನಮ್ಮ ದೇಶದ ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ‘ಎ ನೈಸ್ ಕ್ವೆಶ್ಚನ್ ಆಫ್ ಲಾ’ ಎಂಬ ಮಾತು ಸಿಗುತ್ತದೆ. ನ್ಯಾಯಾಧೀಶರು ಅಲ್ಲಿ ವಕೀಲರ ಬೆನ್ನು ತಟ್ಟುತ್ತಿಲ್ಲ, ಪ್ರಶ್ನೆ ಬಿಡಿಸಲು ಬಲು ನಾಜೂಕಾಗಿದೆ ಎನ್ನುತ್ತಿದ್ದಾರೆ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ನಿಖರತೆ, ಅತಿ ಎಚ್ಚರ, ಮೂಗು ಮುರಿಯುವಿಕೆ ಇವೆಲ್ಲ ಇವೆ. ‘ಹಿತವಾದ’ ಎಂಬುದೊಂದು ಇಲ್ಲ. ಅದಾಗಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಅರ್ಥ ಎಷ್ಟು ಹಬ್ಬಿತ್ತೆಂದರೆ, ಜೇನ್ ಆಸ್ಟೆನ್ ಅದರ ಮೇಲೆ ಒಂದು ಇಡೀ ಹಾಸ್ಯಪ್ರಸಂಗವನ್ನೇ ಕಟ್ಟಿದಳು. 1817ರ ಕೊನೆಗೆ, ಅವಳು ತೀರಿಕೊಂಡ ಮೇಲೆ, ಪ್ರಕಟವಾದ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ತನಗೆ ಪ್ರಿಯವಾದ ಪುಸ್ತಕವನ್ನು ಜಗತ್ತಿನಲ್ಲೇ ಅತ್ಯಂತ ನೈಸ್ ಆದ ಪುಸ್ತಕ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಎಂಬ ತರುಣ, ನೈಸ್ ಎಂದರೆ ಅಚ್ಚುಕಟ್ಟು ಎಂದು ತಾನೇ, ಹಾಗಾದರೆ ಅದು ರಟ್ಟು ಕಟ್ಟಿದ್ದರ ಮೇಲೆ ಹೋಗುತ್ತದೆ ಎಂದು ಛೇಡಿಸುತ್ತಾನೆ. ಈ ದಿನ ನೈಸ್, ಈ ನಡಿಗೆ ನೈಸ್, ನೀವಿಬ್ಬರೂ ನೈಸ್, ಎಲ್ಲಕ್ಕೂ ಸಲ್ಲುವ ಪದ ಇದು ಎಂದು ಅಣಕಿಸಿ, ಮೂಲದಲ್ಲಿ ಇದನ್ನು ಅಚ್ಚುಕಟ್ಟು, ನಾಜೂಕು, ಸಂಸ್ಕಾರಗಳಿಗೆ ಮಾತ್ರ ಬಳಸುತ್ತಿದ್ದರೇನೋ ಎಂದು ಉಪದೇಶ ಮಾಡುತ್ತಾನೆ. ತಮಾಷೆಯೆಂದರೆ ಅವನ ‘ಮೂಲ’ ಮೂಲವೇ ಅಲ್ಲ, ನಡುದಾರಿಯ ಒಂದು ತಂಗುದಾಣ. ಹಿಂದಕ್ಕೆ ಹೋಗುವುದಾದರೆ ಅವನು ದಡ್ಡತನದವರೆಗೂ ಹೋಗಬೇಕಿತ್ತು. ನಿಮ್ಮ ಮೇಷ್ಟ್ರು ಹೊಡೆದುಹಾಕುತ್ತಿದ್ದರಲ್ಲ, ಅವರು ಇದೇ ಟಿಲ್ನಿಯ ಪರಂಪರೆಯವರು. ಬೈಗುಳವೆಂದು ಅಲ್ಲ, ಸವಕಲಾಯಿತೆಂದು ಅವರಿಗೆ ಆ ಪದದ ಮೇಲೆ ಸಿಟ್ಟು.

ಈಗ ಹುಡುಗನ ಸಂದೇಶದ ಎರಡನೆಯ ತಪ್ಪಿಗೆ ಬರೋಣ. ಹುಟ್ಟಿದಾಗ ಇದ್ದ ಅರ್ಥವೇ ಪದದ ನಿಜವಾದ ಅರ್ಥ, ಉಳಿದದ್ದೆಲ್ಲ ಮೇಲಿನ ಬಣ್ಣ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಇದು ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡಲು ಅಡುಗೆಮನೆಗೆ ಹೋದರೆ ಸಾಕು. ‘ಎಣ್ಣೆ’ ಎಂಬುದು ಎಳ್ಳು ಮತ್ತು ನೆಯ್ ಸೇರಿ ಆದ ಮಾತು. ಎಳ್ಳಿನ ಜಿಡ್ಡು ಮಾತ್ರ ಎಣ್ಣೆ. ಆ ಲೆಕ್ಕದಲ್ಲಿ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಎನ್ನುವುದೆಲ್ಲ ಅಪಶಬ್ದ, ಸೀಮೆಎಣ್ಣೆಯಂತೂ ‘ಪರದೇಶದ ಎಳ್ಳಿನ ಜಿಡ್ಡು’ ಆಗಬೇಕು. ಬೆಂಗಳೂರಿನ ಹುಡುಗರು ಶನಿವಾರ ರಾತ್ರಿ ‘ಎಣ್ಣೆ ಹಾಕೋಣ’ ಎಂದಾಗ ಎಳ್ಳಿನ ನೆನಪು ಯಾರಿಗೂ ಬರುವುದಿಲ್ಲ. ಮಾತಾಡುವವನ ಮನಸ್ಸಿನಲ್ಲಿಯೂ ಕೇಳುವವನ ಮನಸ್ಸಿನಲ್ಲಿಯೂ ಇಲ್ಲದ ಅರ್ಥ ಪದದೊಳಗೆ ಅಡಗಿ ಕುಳಿತು ಕೆಲಸ ಮಾಡುವುದಿಲ್ಲ. ನೈಸ್ ಪದದ ‘ದಡ್ಡ’ ಎಂಬ ಅರ್ಥ 17ನೆಯ ಶತಮಾನ ಮುಗಿಯುವಷ್ಟರಲ್ಲಿ ಬಳಕೆಯಿಂದ ಹೊರಗಾಗಿತ್ತು. ನಮ್ಮ ಕಡೆ ಮಿಷನ್ ಶಾಲೆಗಳು ಇಂಗ್ಲಿಷ್ ಕಲಿಸತೊಡಗಿದ 19ನೆಯ ಶತಮಾನದಲ್ಲಿ ಬಂದಿಳಿದದ್ದು ಆಗಲೇ ಸಿಹಿಯಾಗಿದ್ದ ಪದ. ಅದರ ಕಹಿ ರೂಪ ಕರ್ನಾಟಕದ ನೆಲವನ್ನು ಮೆಟ್ಟಿಯೇ ಇಲ್ಲ. ನಿಮ್ಮ ಕೆಂಪು ಶಾಯಿಯ ಬಗ್ಗೆ ಇಷ್ಟು ಸಾಕು ಎಂದುಕೊಳ್ಳುತ್ತೇನೆ.

ದಡ್ಡತನ ಮತ್ತು ಒಳ್ಳೆಯತನಗಳ ನಡುವಿನ ಈ ಓಡಾಟ ಇಂಗ್ಲಿಷರ ವಿಚಿತ್ರ ಬುದ್ಧಿಯೆಂದು ಮಕ್ಕಳಿಗೆ ಅನ್ನಿಸಿದರೆ ಅವರಿಗೆ ‘ಮೂಢ’ ಮತ್ತು ‘ಮುಗ್ಧ’ ಎಂಬ ಎರಡು ಪದಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಿ. ಎರಡೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಬಂದವು, ಎರಡಕ್ಕೂ ಮೊದಲಿಗೆ ಇದ್ದದ್ದು ದಿಕ್ಕು ತಪ್ಪಿದ, ಬುದ್ಧಿ ಮಂಕಾದ ಎಂಬ ಅರ್ಥ. ಒಂದು ಬೈಗುಳವಾಗಿಯೇ ಉಳಿಯಿತು. ಇನ್ನೊಂದು ಏನೂ ಅರಿಯದ ಎಂಬಲ್ಲಿಂದ ಕಪಟವರಿಯದ ಎಂಬಲ್ಲಿಗೆ ಬಂದು, ಕಾವ್ಯದ ನಾಯಿಕೆಗೆ ವಿಶೇಷಣವಾಗಿ, ಈಗ ಮಗುವಿನ ನಗೆಗೆ ಬಳಸುವಷ್ಟು ಸೊಗಸಾಯಿತು. ಕರಾವಳಿಯವರು ‘ಅವ ಪಾಪದವ’ ಎಂದರೆ ಪಾಪಿ ಎಂದಲ್ಲ, ಸಾಧು ಎಂದು. ಪಾಪ ಮಾಡಿದವನು ಕಷ್ಟಪಡುತ್ತಾನೆ, ಕಷ್ಟಪಡುವವನನ್ನು ಕಂಡರೆ ‘ಅಯ್ಯೋ ಪಾಪ’ ಎನ್ನುತ್ತೇವೆ, ಕನಿಕರ ಹುಟ್ಟಿಸುವವನು ನಿರಪಾಯದವನು. ಪದ ಹೀಗೆ ಪಾಪದಿಂದ ಪುಣ್ಯದ ದಡಕ್ಕೆ ಈಜಿದೆ. (ಮಗುವನ್ನು ಕರೆಯುವ ‘ಪಾಪು’ ಬೇರೆಯೇ ಪದ; ಅದನ್ನು ಇದರೊಡನೆ ಗಂಟುಹಾಕುವ ಸಂದೇಶ ನಾಳೆ ಬಂದರೆ ನಂಬಬೇಡಿ.) ಇಂಗ್ಲಿಷಿನಲ್ಲಿಯೇ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆದದ್ದು ‘ಸಿಲ್ಲಿ’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಧನ್ಯ, ಭಾಗ್ಯವಂತ ಎಂಬ ಅರ್ಥವಿತ್ತು. ಧನ್ಯನಿಂದ ನಿಷ್ಪಾಪಿ, ನಿಷ್ಪಾಪಿಯಿಂದ ಬಡಪಾಯಿ, ಬಡಪಾಯಿಯಿಂದ ಪೆದ್ದ ಎಂದು ಇಳಿಯುತ್ತ ಬಂತು. ಅದರ ಜರ್ಮನ್ ದಾಯಾದಿ ‘ಜೇಲಿಷ್’ ಇಂದಿಗೂ ಧನ್ಯನಾಗಿಯೇ ಇದೆ.

ನಿಮ್ಮ ತಮ್ಮ ಹೇಳಿದ ಮಾತು ಬೇರೆಯ ಜಾತಿಯದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಇಂಗ್ಲೆಂಡಿನವರ ಮಾತಿನಲ್ಲಿ ‘ನೈಸ್ ಐಡಿಯಾ’ ಹಲವು ಸಲ ನಿರಾಕರಣೆಯ ಮುನ್ನುಡಿಯಾಗಿರುವುದು ನಿಜ. ಅದಕ್ಕೆ ಕಾರಣ 1300ನೆಯ ಇಸವಿಯ ‘ದಡ್ಡ’ ಎಂಬ ಅರ್ಥವಲ್ಲ, ಕಳೆದ 200 ವರ್ಷಗಳ ಸವಕಳಿ. ಎಲ್ಲಕ್ಕೂ ಸಲ್ಲುವ ಹೊಗಳಿಕೆ ಕೊನೆಗೆ ಯಾವುದಕ್ಕೂ ಹೊಗಳಿಕೆಯಾಗಿ ಉಳಿಯುವುದಿಲ್ಲ. ಹೆಚ್ಚು ಹೇಳಬಹುದಾಗಿದ್ದ ಕಡೆ ಕಡಿಮೆ ಹೇಳಿದರೆ, ಹೇಳದೆ ಬಿಟ್ಟದ್ದೇ ಕೇಳಿಸುತ್ತದೆ. ನಮ್ಮಲ್ಲಿ ಹೆಣ್ಣಿನ ಕಡೆಯವರು ‘ಹುಡುಗ ಹೇಗೆ?’ ಎಂದು ವಿಚಾರಿಸಿದಾಗ ‘ಪಾಪ, ಒಳ್ಳೆಯವನು’ ಎಂಬ ಉತ್ತರ ಬಂದರೆ, ಅವನಿಗೆ ಕೆಲಸವಿಲ್ಲವೆಂದು ಅರ್ಥಮಾಡಿಕೊಳ್ಳುವುದಿಲ್ಲವೇ? ಹೊಸ ಸಾರಿಗೆ ‘ಪರವಾಗಿಲ್ಲ’ ಎಂದರೆ ಅಡುಗೆ ಮಾಡಿದವರ ಮುಖ ಏಕೆ ಸಪ್ಪಗಾಗುತ್ತದೆ? ನಿಮ್ಮ ತಮ್ಮನಿಗೆ ಹೇಳಿ: ಪದವನ್ನು ಬಿಟ್ಟು ಅದರ ಮುಂದೇನು ಬರುತ್ತದೆಂದು ಕೇಳಿಸಿಕೊಳ್ಳಲಿ. ‘ನೈಸ್ ಐಡಿಯಾ’ ಆದ ಮೇಲೆ ಯಾವಾಗ ಶುರು ಮಾಡೋಣ ಎಂದರೆ ಅದು ಮೆಚ್ಚುಗೆ; ‘ಬಟ್’ ಬಂದರೆ ಅಲ್ಲ; ಮೌನ ಬಂದರೆ ಸಲಹೆಯನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನೀವು ಏನು ಮಾಡಬೇಕೆಂಬುದು. ಮೊದಲಿನಂತೆಯೇ ‘ನೈಸ್’ ಎಂದು ಬರೆಯುತ್ತ ಹೋಗಬಹುದು. ಅದರಲ್ಲಿ ತಪ್ಪಿಲ್ಲ, ಮಗುವಿಗೆ ಖುಷಿಯೂ ಆಗುತ್ತದೆ. ನಷ್ಟವೆಂದರೆ, ಯಾವುದು ಚೆನ್ನಾಗಿತ್ತೆಂದು ಅದಕ್ಕೆ ತಿಳಿಯುವುದಿಲ್ಲ. 60 ಪುಸ್ತಕ ತಿದ್ದುವ ಕಷ್ಟ ನನಗೂ ಗೊತ್ತು, ಹಾಗಾಗಿ ಪ್ಯಾರಾ ಬರೆಯಿರಿ ಎನ್ನುವುದಿಲ್ಲ. ‘ನೈಸ್’ ಎಂದು ಬರೆದು ಅಲ್ಲಿಂದ ಒಂದು ಬಾಣದ ಗುರುತನ್ನು ಚೆನ್ನಾಗಿರುವ ವಾಕ್ಯದವರೆಗೆ ಎಳೆದರೆ ಎರಡು ಸೆಕೆಂಡು ಹೆಚ್ಚು ಹಿಡಿಯಬಹುದು. ನಾನು ಇದನ್ನು ಮಾಡುತ್ತಿದ್ದೆ. ವಿದ್ಯಾರ್ಥಿಗಳು ತಮ್ಮ ಬಾಣಗಳನ್ನು ಪಕ್ಕದವರ ಬಾಣಗಳೊಡನೆ ಹೋಲಿಸಿ ನೋಡುತ್ತಿದ್ದರು.

ನಿಮ್ಮ ಮೇಷ್ಟ್ರ ಹಾಗೆ ಮಕ್ಕಳ ಪ್ರಬಂಧಗಳಲ್ಲಿ ಈ ಪದವನ್ನು ನಿಷೇಧಿಸಬಹುದು. ಇದನ್ನೂ ನಾನು ಒಂದು ವರ್ಷ ಮಾಡಿ ನೋಡಿದ್ದೇನೆ, ಮತ್ತೆ ಮಾಡಲಾರೆ. ‘ನೈಸ್’ ಹೋದ ಜಾಗಕ್ಕೆ ‘ಬ್ಯೂಟಿಫುಲ್’ ಬಂತು, ಅದನ್ನೂ ಹೊಡೆದಾಗ ‘ವಂಡರ್‌ಫುಲ್’ ಬಂತು. ಮಾತಿನ ಬೆಲೆ ಏರಿತೇ ಹೊರತು ಸರಕು ಹೆಚ್ಚಲಿಲ್ಲ. ಹೊಡೆದುಹಾಕುವುದಕ್ಕಿಂತ ಪ್ರಶ್ನೆ ಕೇಳುವುದು ಮೇಲು. ‘ನನ್ನ ಅಜ್ಜಿ ನೈಸ್’ ಎಂದು ಬರೆದಿದ್ದ ಹುಡುಗನೊಬ್ಬನನ್ನು, ಏಕೆ, ಏನು ಮಾಡುತ್ತಾರೆ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ‘ಕಡಲೆಕಾಯಿ ಹುರಿದರೆ ಸಿಪ್ಪೆ ಉಜ್ಜಿ, ಊದಿ, ನನ್ನ ಅಂಗೈಗೆ ಹಾಕುತ್ತಾರೆ’ ಎಂದ. ಅದನ್ನೇ ಬರಿ ಎಂದೆ. ಅವನ ಇಂಗ್ಲಿಷ್ ಮೂರು ಕಡೆ ತಪ್ಪಿತ್ತು, ಅಜ್ಜಿ ಮಾತ್ರ ಕಣ್ಣಿಗೆ ಕಟ್ಟಿದಂತೆ ಇದ್ದರು.

ಒಂದು ಕಡೆ ಮಾತ್ರ ಈ ಪದವನ್ನು ಖಂಡಿತ ಬಿಡಿ: ಯಾರಿಗಾದರೂ ಶಿಫಾರಸು ಪತ್ರ ಬರೆಯುವಾಗ. ಸುಮಾರು 20 ವರ್ಷಗಳ ಹಿಂದೆ ವಿದೇಶದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದ ನನ್ನ ಅತ್ಯುತ್ತಮ ವಿದ್ಯಾರ್ಥಿನಿಯೊಬ್ಬಳ ಬಗ್ಗೆ, ಪ್ರೀತಿಯಿಂದಲೇ, ‘ಎ ವೆರಿ ನೈಸ್ ಪರ್ಸನ್’ ಎಂದು ಪತ್ರವನ್ನು ಆರಂಭಿಸಿದ್ದೆ. ಅವಳಿಗೆ ಅಲ್ಲಿ ಸೀಟು ಸಿಗಲಿಲ್ಲ. ಕಾರಣ ನನ್ನ ಪತ್ರವೇ ಎಂದು ಹೇಳಲಾರೆ. ಆದರೆ ಅದರ ಪ್ರತಿಯನ್ನು ಆಮೇಲೆ ಓದಿದ, ಅಂಥ ಪತ್ರಗಳನ್ನು ಓದಿ ಅಭ್ಯಾಸವಿದ್ದ ಸ್ನೇಹಿತರೊಬ್ಬರು, ಕೆಲಸದ ಬಗ್ಗೆ ಹೇಳಲು ಏನೂ ಇಲ್ಲದಾಗ ನಾವು ಹೀಗೆ ಶುರು ಮಾಡುತ್ತೇವೆ ಎಂದರು. ಭಾಷೆಯ ಚರಿತ್ರೆಯನ್ನು ಪಾಠ ಹೇಳುವವನಿಗೇ ಭಾಷೆಯ ವರ್ತಮಾನ ಗೊತ್ತಿರಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಸಂದೇಶ ತಂದ ಹುಡುಗನನ್ನು ಗದರಿಸಬೇಡಿ, ಅವನಿಂದ ನಿಮಗೆ ಒಂದು ಪಾಠ ಸಿಕ್ಕಿದೆ. ಅವನ ಕೈಯಲ್ಲೇ ನಿಘಂಟು ಕೊಟ್ಟು, ಮೂಲಾರ್ಥವೂ ಇಂದಿನ ಅರ್ಥವೂ ಅದರಲ್ಲಿ ಎಲ್ಲೆಲ್ಲಿ ಅಚ್ಚಾಗಿವೆ ಎಂದು ಹುಡುಕಿಸಿ, ಗಟ್ಟಿಯಾಗಿ ಓದಿಸಿ. ಇದರಲ್ಲೊಂದು ಅಪಾಯವೂ ಇದೆ: ಒಂದು ವಾರ ಅವರು ಒಬ್ಬರನ್ನೊಬ್ಬರು ‘ನೈಸ್’ ಎಂದೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ ಬಿಡಿ, ಚಾಸರನ ಇಂಗ್ಲಿಷಿನಲ್ಲಿ ಅದು ಸರಿಯಾದ ಪ್ರಯೋಗವೇ.

ಕೊನೆಗೆ ನಿಮ್ಮ ಅಮ್ಮನ ದೋಸೆ ಹಿಟ್ಟು. ಅವರ ಮಾತನ್ನು ತಪ್ಪು ಇಂಗ್ಲಿಷ್ ಎಂದು ತಿದ್ದಲು ಹೋಗಬೇಡಿ, ಅದು ಇಂಗ್ಲಿಷೇ ಅಲ್ಲ. ಕನ್ನಡಕ್ಕೆ ಬಂದ ಮೇಲೆ ಈ ಪದ ಇಲ್ಲಿನ ನೀರು ಕುಡಿದು ಬೆಳೆದಿದೆ. ಹಿಟ್ಟು ನೈಸಾಗಿದೆ ಎಂದರೆ ನುಣ್ಣಗಿದೆ ಎಂದು. ಸೀರೆ ನೈಸಾಗಿದೆ ಎಂದರೆ ಕೈಯಿಟ್ಟರೆ ಜಾರುವಂತಿದೆ ಎಂದು. ‘ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಗೊತ್ತಾಗದ ಹಾಗೆ ತಪ್ಪಿಸಿಕೊಂಡ ಎಂದು. ‘ನೈಸ್ ಮಾಡಬೇಡ’ ಎಂದರೆ ಪೂಸಿ ಹೊಡೆಯಬೇಡ ಎಂದು. ಲಂಡನ್ನಿನವನಿಗೆ ಇವುಗಳಲ್ಲಿ ಒಂದೂ ಅರ್ಥವಾಗುವುದಿಲ್ಲ. ನುಣುಪಿನಿಂದ ನಯವಂಚನೆಯವರೆಗೆ ಇಷ್ಟು ಸಲೀಸಾಗಿ ಹರಿಯಲು, ಮೃದುತ್ವಕ್ಕೂ ಸೌಜನ್ಯಕ್ಕೂ ಒಟ್ಟಿಗೆ ಸಲ್ಲುವ ನಮ್ಮದೇ ‘ನಯ’ ಎಂಬ ಪದ ಕಿವಿಗೆ ಹತ್ತಿರವಿದ್ದದ್ದೂ ನೆರವಾಗಿರಬೇಕು ಎಂಬುದು ನನ್ನ ಊಹೆ, ಊಹೆ ಮಾತ್ರ. 16ನೆಯ ಶತಮಾನದ ಇಂಗ್ಲಿಷಿನ ‘ಸೂಕ್ಷ್ಮ’ ಎಂಬ ಅರ್ಥವೇ ನಮ್ಮ ರುಬ್ಬುಗುಂಡಿನಲ್ಲಿ ಉಳಿದುಕೊಂಡಿದೆ ಎಂದು ಹೇಳುವ ಆಸೆ ನನಗೂ ಆಗುತ್ತದೆ. ಆದರೆ ಹೋಲಿಕೆ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕಿಲ್ಲ, ಪದ ನಮ್ಮಲ್ಲಿಗೆ ಬಂದದ್ದು ಅದಕ್ಕಿಂತ ಬಹಳ ತಡವಾಗಿ. ಈ ಅರ್ಥ ನಮ್ಮ ಕಡೆ, ನಮ್ಮ ಅಡುಗೆಮನೆ ಮತ್ತು ಬಟ್ಟೆ ಅಂಗಡಿಗಳಲ್ಲಿ ಬೆಳೆದದ್ದು. ಅಮ್ಮ ಹೇಳಿದಂತೆ ನೈಸಾಗಿಯೇ ರುಬ್ಬಿ.